ಪಂಜಾ ಎತ್ತುವ ಕೈ

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಧೈರ್ಯದ ಕಥೆ ಬೇಕಾದವರು ಬೇರೆ ಪುಸ್ತಕ ತೆಗೆದುಕೊಳ್ಳಲಿ. ಗೋಡೆಯ ಹಲ್ಲಿಗೆ ಅಂಜುತ್ತೇನೆ, ಗುಡುಗಿಗೆ ಅಂಜುತ್ತೇನೆ, ಸೂಜಿ ಹಿಡಿದು ಬರುವ ನರ್ಸನ್ನು ಕಂಡರಂತೂ ಕೇಳುವುದೇ ಬೇಡ. ಅಂಜದೆ ಇರುವುದು ನನ್ನ ನಾಲಿಗೆ ಒಂದೇ. ಜೀವ ಅಂಜಿದಷ್ಟೂ ಅದು ಜೋರಾಗುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಅವರು ಬಸ್ಸಿನ ಕಂಡಕ್ಟರು, ಆದ್ದರಿಂದ ಜೋರು ನಾಲಿಗೆಯ ವಿಷಯದಲ್ಲಿ ಅವರ ಮಾತನ್ನು ನಂಬಬಹುದು.

ನವಲಗುಂದದಲ್ಲಿ ನಮ್ಮದು ಜಮಖಾನ ನೇಯುವ ಮನೆ. ನಾನು ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ ನೇಯಲು ಕಲಿತವಳು. ಮನೆಯೊಳಗೆ ನಾವು ಆಡುವುದು ಉರ್ದು, ಓಣಿಯಲ್ಲಿ ಕನ್ನಡ. ನಾನು ಓದಿದ್ದು ಕನ್ನಡ ಶಾಲೆಯಲ್ಲಾದ್ದರಿಂದ ಇಲ್ಲಿ ಅತ್ತೆಯ ಮಾತನ್ನೂ ಓಣಿಯ ಕನ್ನಡದಲ್ಲೇ ಬರೆಯುತ್ತೇನೆ. ನಮ್ಮ ಮಗ್ಗ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಮೇಲೊಂದು ತೊಲೆ, ಕೆಳಗೊಂದು ತೊಲೆ, ನಡುವೆ ಬಿಗಿದು ಕಟ್ಟಿದ ಹಾಸಿನ ನೂಲು. ಅದರ ಮುಂದೆ ಇಬ್ಬರು ಹೆಂಗಸರು ಅಕ್ಕಪಕ್ಕ ಕೂರಬೇಕು. ಬಣ್ಣದ ನೂಲನ್ನು ಬೆರಳಿನಿಂದ ಒಳಗೆ ಹೊಗಿಸಬೇಕು, ಆಮೇಲೆ ಪಂಜಾದಿಂದ ಬಡಿದು ಗಟ್ಟಿಯಾಗಿ ಕೂರಿಸಬೇಕು. ಪಂಜಾ ಎಂದರೆ ಹಿಡಿಕೆಯಿರುವ ಕಬ್ಬಿಣದ ಹಣಿಗೆ. ನೋಡಲು ಅಂಗೈಯಷ್ಟೇ, ಎತ್ತಿದರೆ ಭಾರ. ನೇಯ್ಗೆ ಮೇಲೇರಿದ ಹಾಗೆ ಕೈಯೂ ಮೇಲೇರುತ್ತದೆ. ಕೊನೆಕೊನೆಗೆ ತಲೆಗಿಂತ ಎತ್ತರಕ್ಕೆ ಎತ್ತಿ ಬಡಿಯಬೇಕಾಗುತ್ತದೆ.

ಇಬ್ಬರಲ್ಲಿ ಬಲಗಡೆ ಕೂತವಳೇ ದೊಡ್ಡವಳು. ಚಿತ್ತಾರ ಇರುವುದು ಅವಳ ತಲೆಯಲ್ಲಿ, ನಮ್ಮಲ್ಲಿ ಯಾರೂ ಅದನ್ನು ಕಾಗದದ ಮೇಲೆ ಬರೆದಿಟ್ಟಿಲ್ಲ. ಯಾವ ಬಣ್ಣ ಎಲ್ಲಿ ನಿಲ್ಲಬೇಕು, ನವಿಲಿನ ಕತ್ತು ಎಲ್ಲಿ ತಿರುಗಬೇಕು ಎಂದು ಅವಳು ಹೇಳುತ್ತಾಳೆ, ಎಡಗಡೆಯವಳು ಕೇಳುತ್ತಾಳೆ. ನಾನು ಬಂದ ನಾಲ್ಕನೆಯ ವರ್ಷ ಅತ್ತೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಆ ಜಾಗದಿಂದ ಎದ್ದು, “ಇನ್ನ ಇಲ್ಲಿ ನೀ ಕೂಡು,” ಎಂದು ತಾವು ಎಡಕ್ಕೆ ಸರಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ತವರಿಗೆ ಹೋದಾಗ ಆ ಮಾತನ್ನು ಎಷ್ಟು ಸಲ ಹೇಳಿದೆನೋ, ಕಡೆಗೆ ನನ್ನ ತಾಯಿಯೇ ಸಾಕು ಮಾಡು ಎಂದಳು.

ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಮಗ್ಗದ ಕೋಣೆಗೆ ಹೊರಗಿನ ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲ, ಅದರಲ್ಲೂ ಲಗ್ನವಾಗದ ಹುಡುಗಿಯರನ್ನು ಖಂಡಿತ ಇಲ್ಲ. ನೋಡಿ ಕಲಿತರೆ ಕಲಿತದ್ದು ಅವಳು ಸೇರುವ ಮನೆಗೆ ಹೋಗುತ್ತದೆಂದು ಹಿಂದಿನವರ ಯೋಚನೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಕಲಿಸುವುದಿಲ್ಲ, ಎಲ್ಲಿಂದಲೋ ಬಂದ ಸೊಸೆಗೆ ಕಲಿಸುತ್ತೇವೆ. ಕೊಳ್ಳಲು ಬಂದವರಿಗೆ ಪಡಸಾಲೆಯಲ್ಲಿ ಜಮಖಾನ ಹಾಸಿ ತೋರಿಸಿ ಚಹಾ ಕೊಟ್ಟು ಕಳಿಸುತ್ತಿದ್ದೆವು. ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ನಾನು ಬಿದ್ದದ್ದು ಮಾಳಿಗೆಯ ಏಣಿಯಿಂದ. ಬಣ್ಣ ಹಾಕಿದ ನೂಲಿನ ಲಡಿಗಳನ್ನು ಮಾಳಿಗೆಯ ಮೇಲೆ ಒಣಹಾಕಿದ್ದೆವು. ಮೋಡ ಕವಿದದ್ದು ಕಂಡು ಗಡಿಬಿಡಿಯಿಂದ ಹತ್ತಿ, ಎಲ್ಲವನ್ನೂ ಎಡಗೈಗೆ ಹೇರಿಕೊಂಡು ಇಳಿಯುತ್ತಿದ್ದೆ. ಕೆಳಗಿನಿಂದ ಮೂರನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ನೂಲು ಕೆಸರಾಗಬಾರದೆಂದು ಎಡಗೈ ಮೇಲೆತ್ತಿ ಬಲಗೈ ಊರಿದೆ. ನೂಲಿಗೆ ಒಂದು ಹನಿ ಕೆಸರು ಸಿಡಿಯಲಿಲ್ಲ, ಬಲಗೈ ಮಣಿಕಟ್ಟು ಮಾತ್ರ ಊಟದ ಚಮಚದ ಹಾಗೆ ಬಾಗಿ ನಿಂತಿತು. ಅದನ್ನು ನೋಡಿದ ಕೂಡಲೇ ನನಗೆ ಕಣ್ಣು ಕತ್ತಲೆ ಬಂತು. ನೋವು ಆಮೇಲೆ ಬಂತು, ಮೊದಲು ಬಂದದ್ದು ಭಯವೇ.

ಆಸ್ಪತ್ರೆಯಲ್ಲಿ ಕೈ ಎಳೆದು ಕೂರಿಸಿ, ಮೊಣಕೈಯಿಂದ ಅಂಗೈವರೆಗೆ ಪ್ಲಾಸ್ಟರ್ ಹಾಕಿದರು. ಆರು ವಾರ ಎಂದರು. ಡಾಕ್ಟರು ಇನ್ನೊಂದು ಮಾತನ್ನೂ ಎರಡೆರಡು ಸಲ ಹೇಳಿದ್ದರು: “ಪ್ಲಾಸ್ಟರ್ ಮಣಿಕಟ್ಟಿಗೆ ಅಷ್ಟ ಐತಿ. ಬೆರಳ ಆಡಸ್ರಿ, ಭುಜ ಎತ್ತಿ ಇಳಸ್ರಿ, ದಿನಾ ಮಾಡ್ರಿ.” ನಾನು ಹೂಂ ಎಂದು ತಲೆಯಾಡಿಸಿದೆ. ಮನೆಗೆ ಬಂದು ಓಢಣಿಯಿಂದ ಇಡೀ ತೋಳನ್ನು ಎದೆಗೆ ಕಟ್ಟಿಕೊಂಡೆ. ನೋಡಲು ಬಂದ ಹೆಂಗಸರೆಲ್ಲ ಒಂದೊಂದು ಕಥೆ ಹೇಳಿದರು. ಯಾರದೋ ಎಲುಬು ಸರಿದದ್ದು, ಯಾರದೋ ಎಲುಬು ಸೊಟ್ಟಗೆ ಕೂಡಿದ್ದು. ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತು, “ಅಗದಿ ಅಲುಗಾಡಿಸಬ್ಯಾಡ ನೋಡ್ಬೇ, ಒಮ್ಮಿ ಸರೀತಂದ್ರ ಮುಗೀತು,” ಎಂದಳು. ಡಾಕ್ಟರರ ಮಾತಿಗಿಂತ ಅವಳ ಮಾತು ನನಗೆ ಹಿಡಿಸಿತು, ಏಕೆಂದರೆ ನನ್ನ ಭಯಕ್ಕೆ ಬೇಕಾದದ್ದು ಅದೇ. ಆರು ವಾರ ನಾನು ಆ ತೋಳನ್ನು ಗಾಜಿನ ಸಾಮಾನಿನ ಹಾಗೆ ಕಾದೆ. ಮಲಗಿದಾಗ ಮಗ್ಗುಲು ಬದಲಿಸಲಿಲ್ಲ, ಸೀನು ಬಂದರೆ ತಡೆದುಕೊಂಡೆ.

ಪ್ಲಾಸ್ಟರ್ ಕೊಯ್ಯುವ ಯಂತ್ರದ ಸದ್ದಿಗೆ ನಾನು ಗಂಡನ ಅಂಗಿಯ ತೋಳನ್ನು ಹರಿದೇ ಬಿಟ್ಟೆ. ಕೊಯ್ದು ತೆಗೆದ ಮೇಲೆ ಒಳಗಿಂದ ಹೊರಬಂದ ಕೈ ನನ್ನದಾಗಿರಲಿಲ್ಲ. ಬಿಳಿಚಿಕೊಂಡು, ಸಿಪ್ಪೆ ಎದ್ದು, ಕೂದಲು ಕಪ್ಪಾಗಿ, ಸಣಕಲಾಗಿ ಬಿದ್ದಿತ್ತು. ಮುಷ್ಟಿ ಕಟ್ಟಲು ಹೋದರೆ ಬೆರಳುಗಳು ಅರ್ಧಕ್ಕೇ ನಿಂತವು. ಡಾಕ್ಟರು, “ಕೈ ಮ್ಯಾಲ ಎತ್ರಿ,” ಎಂದರು. ಎತ್ತಿದೆ. ಎತ್ತಿದೆ ಎಂದೇ ನಾನು ತಿಳಿದದ್ದು. ನೋಡಿದರೆ ಭುಜ ಕಿವಿಗೆ ಬಂದು ಹತ್ತಿತ್ತು, ಕೈ ಹೊಟ್ಟೆಯಿಂದ ಒಂದು ಗೇಣು ಸಹ ಮೇಲೆದ್ದಿರಲಿಲ್ಲ. ಮುರಿದದ್ದು ಮಣಿಕಟ್ಟು, ಹೋದದ್ದು ಭುಜ! ಡಾಕ್ಟರು ನನ್ನ ಮುಖ ನೋಡಿ, “ಭುಜ ಆಡಸ್ರಿ ಅಂದಿದ್ದೆ ಅಲ್ರಿ?” ಎಂದರು. ನನ್ನ ಜೋರು ನಾಲಿಗೆ ಅವತ್ತು ಮಾತ್ರ ಒಳಗೇ ಉಳಿಯಿತು.

ಅದೇ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಫಿಸಿಯೋಥೆರಪಿ. ಮಂಗಳವಾರ, ಶುಕ್ರವಾರ ಹುಬ್ಬಳ್ಳಿ ಬಸ್ಸಿನಲ್ಲಿ ಒಬ್ಬ ಹುಡುಗಿ ಬರುತ್ತಿದ್ದಳು. ಕಲಘಟಗಿ ತಾಲೂಕಿನ ದೇವಿಕೊಪ್ಪದ ಒಕ್ಕಲುಮನೆಯ ಮಗಳು, ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು, ಇನ್ನೂ ಲಗ್ನವಾಗಿರಲಿಲ್ಲ. ನಾವೆಲ್ಲ ಅವಳನ್ನು ಡಾಕ್ಟರ್‌ಬಾಯಿ ಎನ್ನುತ್ತಿದ್ದೆವು, ಅವಳು ಪ್ರತಿ ಸಲವೂ, “ನಾ ಡಾಕ್ಟರ್ ಅಲ್ರಿ,” ಎಂದು ತಿದ್ದುತ್ತಿದ್ದಳು, ನಾವು ಮತ್ತೆ ಡಾಕ್ಟರ್‌ಬಾಯಿ ಎನ್ನುತ್ತಿದ್ದೆವು. ಕೋಣೆಯಲ್ಲಿ ಒಂದು ಎತ್ತರದ ಮಂಚ, ಕರಗಿಸಿದ ಮೇಣದ ಪೆಟ್ಟಿಗೆ, ಗೋಡೆಗೆ ಹಲಗೆಯ ಏಣಿ, ಆಳೆತ್ತರದ ಕನ್ನಡಿ, ಮೇಲೆ ರಾಟೆಗೆ ಹಾಕಿದ ಹಗ್ಗ. ನನ್ನ ಕಣ್ಣಿಗೆ ಅದು ಪೊಲೀಸರ ಕೋಣೆಯಂತೆ ಕಂಡಿತು.

ಅವಳು ಮೊದಲ ದಿನ ನನ್ನ ತೋಳನ್ನು ಹಿಡಿದು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದಳು. ನಾನು ಚೀರಿದ್ದು ಹೊರಗೆ ಚೀಟಿ ಮಾಡಿಸುವ ಸಾಲಿನವರೆಗೆ ಕೇಳಿತಂತೆ. ಅವಳು ಕೈ ಬಿಡಲಿಲ್ಲ, ಮುಂದಕ್ಕೂ ಒಯ್ಯಲಿಲ್ಲ, ಅಲ್ಲಿಯೇ ಹಿಡಿದು ನಿಂತಳು.

“ಏನ್ ಆಗ್ತೈತಿ ಅಂತ ಅಂಜೀರಿ?” ಎಂದಳು.

“ಮುರೀತೈತಿ!”

“ಎಲುಬು ಕೂಡೈತ್ರಿ. ಫೋಟೋ ನಾನೂ ನೋಡೀನಿ. ಭುಜದ ಕೀಲಿನ ಸುತ್ತ ಒಂದು ತೆಳ್ಳನ ಚೀಲ ಇರ್ತೈತಿ. ಆರು ವಾರ ಅಲುಗಾಡಸ್ದ ಇಟ್ಟೀರಲ್ಲ, ಅದು ಮುದುಡಿ ಬಿಗದೈತಿ. ಈಗ ಎಳದ್ರ ನೋಯ್ತೈತಿ. ನೋವು ಬ್ಯಾರೆ, ಪೆಟ್ಟು ಬ್ಯಾರೆ. ಮಾಡಿದ ಮ್ಯಾಲ ಅರ್ಧಾ ತಾಸಿನಾಗ ನೋವು ಇಳೀತಂದ್ರ ನಡೀತೈತಿ. ಮರುದಿನಾ ಇತ್ತಂದ್ರ ಹೆಚ್ಚಾತು ಅಂತ ತಿಳ್ಕೋರಿ, ನನಗ ಹೇಳ್ರಿ.”

ಈ ಮಾತನ್ನು ನಾನು ನಂಬಲಿಲ್ಲ. ನಂಬಿಕೆ ಬರಲು ಮೂರು ವಾರ ಹಿಡಿಯಿತು. ಅದಕ್ಕೆ ಮೊದಲೇ ನಾನು ದೊಡ್ಡ ತಪ್ಪು ಮಾಡಿ ಆಗಿತ್ತು.

ಅವಳು ಪುಸ್ತಕ ತೆರೆದು, “ಏನ್ ಕೆಲಸ ಮಾಡ್ತೀರ್ರಿ?” ಎಂದು ಕೇಳಿದಳು.

“ಮನಿ ಕೆಲಸರಿ,” ಎಂದೆ.

“ಮನಿ ಕೆಲಸ ಅಂದ್ರ?”

“ರೊಟ್ಟಿ ಬಡಿಯೂದು, ನೀರ ತುಂಬೂದು, ಅರಿವಿ ಒಗಿಯೂದು.”

ಮಗ್ಗದ ಮಾತೆತ್ತಲಿಲ್ಲ. ಹೊರಗಿನ ಹುಡುಗಿಗೆ ಮಗ್ಗದ ಮಾತು ಹೇಳಬಾರದೆಂಬ ಕಟ್ಟಳೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದು ಸುಳ್ಳು. ಕಟ್ಟಳೆ ನನಗೆ ಅಡಗಿ ಕೂರಲು ಸಿಕ್ಕ ಜಾಗವಾಗಿತ್ತು, ಅಷ್ಟೇ. ನಿಜವಾದ ಸಂಗತಿಯೆಂದರೆ, ಪಂಜಾದ ಸುದ್ದಿ ಕೇಳಿದ ಕೂಡಲೇ ಇವಳು ‘ಆ ಕೆಲಸ ಬಿಟ್ಟುಬಿಡ್ರಿ’ ಎನ್ನುತ್ತಾಳೆ ಎಂದು ನನಗೆ ಜೀವ ಹೋಗುವಷ್ಟು ಹೆದರಿಕೆಯಿತ್ತು. ಆಸ್ಪತ್ರೆಯವರು ಒಮ್ಮೆ ಬಿಡು ಎಂದರೆ ಮುಗಿಯಿತು. ಬಲಗಡೆಯ ಜಾಗ ಬಿಟ್ಟು ನಾನು ಯಾರು? ಮನೆಯಲ್ಲಿ ಇನ್ನೊಬ್ಬ ಸೊಸೆಯಿಲ್ಲ, ಅತ್ತೆಗೆ ವಯಸ್ಸಾಗಿದೆ. ನನ್ನ ಕೈ ಏಳದಿದ್ದರೆ ಆ ಮಗ್ಗವನ್ನು ಬಿಚ್ಚಿ ಮೂಲೆಗೆ ಒರಗಿಸಬೇಕು. ಅರ್ಧ ನೇಯ್ದ ಜಮಖಾನ ಅದರ ಮೇಲೆ ಹಾಗೆಯೇ ಇತ್ತು, ಸಾಲು ಸಾಲಾಗಿ ನವಿಲುಗಳು, ಕೊನೆಯ ಸಾಲಿನವಕ್ಕೆ ತಲೆಯಿಲ್ಲ.

ಅವಳು ನನ್ನ ಮಾತು ನಂಬಿ ರೊಟ್ಟಿಗೆ ತಕ್ಕ ಚಿಕಿತ್ಸೆ ಕೊಟ್ಟಳು. ಬಿಸಿ ಮೇಣದಲ್ಲಿ ಕೈ ಅದ್ದಿಸಿ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಿದ್ದಳು. ಒದ್ದೆ ಬಟ್ಟೆ ಹಿಂಡುವುದು, ಜೋಳದ ಹಿಟ್ಟು ನಾದುವುದು, ಮೇಜಿನ ಮೇಲೆ ಬಗ್ಗಿ ತೋಳನ್ನು ಬಾವಿಯ ಹಗ್ಗದ ಹಾಗೆ ಇಳಿಬಿಟ್ಟು ತೂಗಾಡಿಸುವುದು, ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸುವುದು. ಮನೆಯಲ್ಲೂ ದಿನಕ್ಕೆ ಮೂರು ಸಲ ಮಾಡಬೇಕು. ಅಡುಗೆಮನೆಯ ಗೋಡೆಗೆ ಇದ್ದಿಲಿನಿಂದ ಗುರುತು ಹಾಕುತ್ತಿದ್ದೆ. ಗೋಡೆ ಹತ್ತುವಾಗ ಪ್ರತಿ ಸಲ ಹಿಂದಿನ ಗುರುತಿನ ಹತ್ತಿರ ಬಂದ ಕೂಡಲೇ ಬೆವರು ಇಳಿಯುತ್ತಿತ್ತು. ಅದನ್ನು ದಾಟಿದರೆ ಏನೋ ಹರಿದುಹೋಗುತ್ತದೆ ಅನ್ನಿಸುತ್ತಿತ್ತು. ಎಷ್ಟೋ ದಿನ ಗುರುತಿನ ಕೆಳಗೇ ನಿಲ್ಲಿಸಿ, ಅವಳಿಗೆ ಮಾಡಿದೆ ಎಂದು ಹೇಳಿದ್ದುಂಟು. ಆದರೂ ಮೂರು ವಾರದಲ್ಲಿ ಮುಷ್ಟಿ ಕಟ್ಟಲು ಬಂತು, ರೊಟ್ಟಿ ಬಡಿದೆ, ತುಂಬಿದ ತಂಬಿಗೆ ಎತ್ತಿದೆ. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು.

ಅವಳು ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಹಿಡಿದು ಅಳೆದು ಖುಷಿಪಟ್ಟಳು. “ಮನಿ ಕೆಲಸಕ್ಕ ಸಾಕಾಗ್ತೈತ್ರಿ. ಇನ್ನೊಂದು ನಾಕ ಸಲ ಬರ್ರಿ, ಆಮ್ಯಾಲ ಮನ್ಯಾಗ ಮಾಡ್ಕೊಂಡ ಹೋಗ್ರಿ.”

ಸಾಕಾಗುತ್ತದೆ! ರೊಟ್ಟಿಗೆ ಸಾಕು, ಪಂಜಾ ಎತ್ತಲು ಸಾಕೇ? ಮನೆಗೆ ಬಂದವಳೇ, ಅತ್ತೆ ನಮಾಜಿಗೆ ಕೂತ ಹೊತ್ತು ನೋಡಿ ಮಗ್ಗದ ಕೋಣೆ ಹೊಕ್ಕೆ. ಬಲಗಡೆ ಕೂತು ಪಂಜಾ ಹಿಡಿದೆ. ನೇಯ್ಗೆ ನನ್ನ ಕಣ್ಣಿನ ಮಟ್ಟಕ್ಕೆ ಏರಿತ್ತು. ಎತ್ತಿದರೆ ಎದೆಯ ಮೇಲೆ ಸ್ವಲ್ಪ ಬಂದು ನಿಂತಿತು. ಅಲ್ಲಾಹನ ಹೆಸರು ಹೇಳಿ, ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ, ಇಲ್ಲದ ಬಲವನ್ನೆಲ್ಲ ಹಾಕಿ ಒಮ್ಮೆಲೇ ಮೇಲೆ ಎಸೆದು ಬಡಿದೆ. ಭುಜದೊಳಗೆ ಕಟ್ ಎಂದು ಸದ್ದಾಯಿತು. ಪಂಜಾ ಕೈಬಿಟ್ಟು ತೊಡೆಯ ಮೇಲೆ ಬಿತ್ತು. ನೋವಿಗಿಂತ ಆ ಸದ್ದು ನನ್ನನ್ನು ಕೊಂದಿತು. ಮುರಿಯಿತು, ಮತ್ತೆ ಮುರಿಯಿತು, ಈ ಸಲ ನಾನೇ ಮುರಿದುಕೊಂಡೆ ಎಂದು ಮನಸ್ಸಿನಲ್ಲಿ ಅದೊಂದೇ ಮಾತು.

ಮರುದಿನವೂ ನೋವು ಇತ್ತು. ಅದರ ಮರುದಿನವೂ ಇತ್ತು. ಮಣಿಕಟ್ಟು ಉಬ್ಬಿತು. ಯಾರಿಗೂ ಹೇಳಲಿಲ್ಲ. ಎಡಗೈಯಿಂದ ಉಂಡೆ, ಗಂಡ ಕೇಳಿದರೆ ಅವರ ಮೇಲೆಯೇ ರೇಗಿದೆ. ಶುಕ್ರವಾರ ಆಸ್ಪತ್ರೆಗೆ ಹೋಗುವಾಗ ಕಾಲು ಮುಂದಕ್ಕೆ ಬರುತ್ತಿರಲಿಲ್ಲ.

ಆ ಹುಡುಗಿ ಭುಜ ಮುಟ್ಟಿ ನೋಡಿದಳು, ಮಣಿಕಟ್ಟು ನೋಡಿದಳು, ಎಕ್ಸ್‌ರೇಗೆ ಕಳಿಸಿದಳು. ಎಲುಬು ಸರಿಯಾಗಿಯೇ ಇತ್ತು. ಭುಜದ ಸ್ನಾಯು ಒಮ್ಮೆಲೇ ಹಿಗ್ಗಿ ಉಳುಕಿದೆ, ವಾರದಲ್ಲಿ ಇಳಿಯುತ್ತದೆ ಎಂದಳು. ಅವಳು ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತಳು.

“ಏನ್ ಮಾಡಿದ್ರಿ?”

“ರೊಟ್ಟಿ ಬಡದೆ.”

“ದೇವಿಕೊಪ್ಪದಾಗ ನಮ್ಮನಿಯಾಗ ಹತ್ತ ಮಂದಿಗೆ ನಾನ ರೊಟ್ಟಿ ಬಡದಾಕಿ. ರೊಟ್ಟಿ ಬಡದ್ರ ಈ ಜಾಗಾ ನೋಯೂದಿಲ್ರಿ.” ನನ್ನ ಅಂಗೈ ತಿರುಗಿಸಿ, ಹೆಬ್ಬೆರಳಿನ ಬುಡದಲ್ಲಿದ್ದ ಹಳೆಯ ದಡ್ಡಿನ ಮೇಲೆ ಬೆರಳಿಟ್ಟಳು. “ಇದು ಲಟ್ಟಣಿಗಿದೂ ಅಲ್ಲ, ಕೊಡದ್ದೂ ಅಲ್ಲ. ಮೊದಲ ದಿನಾನ ನೋಡಿದ್ದೆ, ಕೇಳಬೇಕಿತ್ತು, ಬಿಟ್ಟೆ. ಈಗ ಹೇಳ್ರಿ.”

ನಾನು ಅತ್ತುಬಿಟ್ಟೆ. ಮೂಗು ಸೋರುವಂತೆ, ಮಕ್ಕಳ ಹಾಗೆ. ಅಳುತ್ತಲೇ ಎಲ್ಲ ಹೇಳಿದೆ: ಮಗ್ಗ, ಪಂಜಾ, ಬಲಗಡೆಯ ಜಾಗ, ಕಟ್ಟಳೆ, ಅದರ ಹಿಂದೆ ಅಡಗಿದ್ದು. “ನೀವು ಬಿಡು ಅಂತೀರಿ ಅಂತ ಅಂಜಿದ್ದೆ,” ಎಂದೆ.

ಅವಳಿಗೆ ಸಿಟ್ಟು ಬಂತು. ಅವಳ ಸಿಟ್ಟು ಕಂಡದ್ದು ಅದೊಂದೇ ಸಲ. “ಬಿಡೂದಕ್ಕ ನಾ ಯಾಕ ಬೇಕ್ರಿ? ಬಿಡೂದು ಯಾರಿಗ್ ಬೇಕಾದ್ರೂ ಬರ್ತೈತಿ. ಮೂರ ವಾರ ಹೋದ್ವಲ್ರಿ! ಭುಜ ದಿನಾ ಹೋದಂಗ ಬಿಗೀತೈತಿ. ಈಗ ನಿಮ್ಮ ಕೈ ಏನ್ ಮಾಡ್ಬೇಕಂತ ನನಗ ಗೊತ್ತಾಗ್ಬೇಕು. ಎಷ್ಟ ಎತ್ತರಾ, ಎಷ್ಟ ಭಾರ, ಯಾವ ಕಡಿಂದ ಯಾವ ಕಡಿಗೆ. ಬಾಯಿಲೆ ಹೇಳಿದ್ರ ತಿಳಿಯೂದಿಲ್ಲ. ಮಗ್ಗ ತೋರಸ್ರಿ.”

ದಿನ ಹೋದಂತೆ ಬಿಗಿಯುತ್ತದೆ ಎಂಬ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆ. ಇಷ್ಟು ದಿನ ಕೈ ಅಲುಗಾಡಿಸಲು ಹೆದರಿದ್ದೆ, ಈಗ ಅಲುಗಾಡಿಸದೆ ಇದ್ದ ಒಂದೊಂದು ದಿನಕ್ಕೂ ಹೆದರಿದೆ.

ಅತ್ತೆ ಪಡಸಾಲೆಯಲ್ಲಿ ನೂಲು ಸುತ್ತುತ್ತಿದ್ದರು. ಹೇಳಿದೆ. ಅವರು ತಲೆಯೆತ್ತದೆ, “ಆಗೂದಿಲ್ಲ,” ಎಂದರು.

“ಆಕಿ ನೇಯಾಕ ಕಲಿಯಾಕ ಬರೂದಿಲ್ರಿ. ನನ್ನ ಕೈ ನೋಡಾಕ ಬರ್ತಾಳ.”

“ಲಗ್ನ ಆಗದ ಹುಡುಗಿ. ನಮ್ಮ ಅತ್ತಿ ಕಾಲದಿಂದ ಬಿಟ್ಟಿಲ್ಲ. ನಾಕ ದಿನಾ ಹೋದ್ರ ಕೈ ತಾನ ಬರ್ತೈತಿ.”

“ತಾನ ಬರೂದಿಲ್ಲ!”

“ಬರ್ತೈತಿ ಅಂದೆ. ಬರದಿದ್ರ ಏನಾತು, ಮಂದಿ ಬದುಕೂದಿಲ್ಲೇನು?”

ನನ್ನ ನಾಲಿಗೆ ಅಲ್ಲಿ ಕೈಮೀರಿತು. ಕೋಣೆಯಿಂದ ಪಂಜಾ ತಂದು ಅವರ ಮುಂದೆ ಕುಕ್ಕಿದೆ. “ಹಂಗಾರ ನೀವ ಬಂದು ಬಲಕ್ಕ ಕೂಡ್ರಿ. ನವಿಲಿಗೆ ತಲಿ ನೀವ ಹಾಕ್ರಿ. ನಾನು ಮಂದಿ ಹಂಗ ಬದಕ್ತೀನಿ.”

ಹಿರಿಯರಿಗೆ ಆಡುವ ಮಾತಲ್ಲ. ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಪಂಜಾ ತೆಗೆದುಕೊಂಡು ಎದ್ದು ಕೋಣೆಗೆ ಹೋದರು, ಬಲಗಡೆ ಕೂತರು, ಅದನ್ನು ಬಲಗೈಗೆ ಬದಲಿಸಿಕೊಂಡರು. ಎತ್ತಿದರು. ಭುಜ ಕಿವಿಯ ಹತ್ತಿರ ಬಂತು, ಮೈ ಹಿಂದಕ್ಕೆ ವಾಲಿತು, ಕೈ ಎದೆಯ ಮಟ್ಟದಲ್ಲಿ ನಿಂತು ನಡುಗಿತು. ಅಲ್ಲಿಂದ ಮುಂದಕ್ಕೆ ಏಳಲಿಲ್ಲ. ನಾನು ಆಸ್ಪತ್ರೆಯ ಕನ್ನಡಿಯಲ್ಲಿ ವಾರಕ್ಕೆರಡು ಸಲ ನೋಡುತ್ತಿದ್ದದ್ದು ಅದನ್ನೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ.

“ಕಂಡೆಯೇನು? ಸಾಕಾತೇನು?” ಎಂದರು.

ಆಮೇಲೆ, ನೂಲಿನ ಕಡೆಗೇ ನೋಡುತ್ತ ಹೇಳಿದರು. ನಾನು ಬಂದ ಮೂರನೆಯ ವರ್ಷ, ಹೆರಿಗೆಗೆಂದು ನಾನು ತವರಿಗೆ ಹೋದಾಗ, ಬಚ್ಚಲಲ್ಲಿ ಜಾರಿ ಭುಜಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಎಣ್ಣೆ ಹಚ್ಚಿ ಕಟ್ಟಿಕೊಂಡರು. ನಾನು ಮಾಡಿದ್ದನ್ನೇ ಮಾಡಿದರು: ನೋಯುತ್ತದೆಂದು ಅಲುಗಾಡಿಸಲಿಲ್ಲ. ನೋವು ಹೋಯಿತು, ಕೈಯೂ ಹೋಯಿತು. ಯಾರಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ನೇಯುವವಳ ಕೈ ಹೋಯಿತೆಂದು ಓಣಿಗೆ ಗೊತ್ತಾದರೆ ಮಗ್ಗದ ಹೆಸರೂ ಹೋಗುತ್ತದೆ ಎಂದು ಅವರಿಗೆ ಹೆದರಿಕೆ.

ನಾನು ಬಾಗಿಲಿಗೆ ಒರಗಿ ನಿಂತೆ. ಹಾಗಾದರೆ ಬಲಗಡೆಯ ಜಾಗ ನನ್ನ ಜಾಣತನಕ್ಕೆ ಸಿಕ್ಕದ್ದಲ್ಲ. ಎಡಕ್ಕೆ ಸರಿದ ಮೇಲೆ ಅವರು ಎಡಗೈಯಿಂದ ಬಡಿಯುತ್ತಿದ್ದರು, ನನ್ನ ಮೊಣಕೈ ತಾಗದಿರಲಿ ಎಂದು ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ. ಅವರ ತಲೆಯನ್ನು ಹನ್ನೊಂದು ವರ್ಷ ನಾನೇ ಬಾಚಿದ್ದೇನೆ, ಅತ್ತೆಯ ದೌಲತ್ತು ಎಂದು ಹಲ್ಲು ಕಡಿಯುತ್ತ ಬಾಚಿದ್ದೇನೆ. ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಹೆದರಿಕೆಯೇ ದೊಡ್ಡದಾಗಿತ್ತು, ಸುಳ್ಳು ಯಾಕೆ ಹೇಳಲಿ? ಹನ್ನೊಂದು ವರ್ಷದ ನಂತರದ ನಾನು ಅಲ್ಲಿ ಮಗ್ಗದ ಮುಂದೆ ಕೂತಿದ್ದೆ.

“ಮಂಗಳವಾರ ಕರ್ಕೊಂಡ ಬಾ,” ಎಂದರು ಅತ್ತೆ.

ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯ ಕೆಲಸ ಮುಗಿಸಿ ಆ ಹುಡುಗಿ ಬಂದಳು. ಚಪ್ಪಲಿ ಬಿಟ್ಟು ಪಡಸಾಲೆಯಲ್ಲೇ ಕೂರಲು ಹೊರಟವಳನ್ನು ಅತ್ತೆ, “ಒಳಗ ಬಾರವ್ವ,” ಎಂದು ಕರೆದು ಕೋಣೆಯ ಬಾಗಿಲನ್ನು ತಾವೇ ತೆರೆದರು. ಅವಳು ಮಗ್ಗವನ್ನು ಸುತ್ತ ನೋಡಿದಳು. ನವಿಲನ್ನು ನೋಡಲಿಲ್ಲ, ಬಣ್ಣ ನೋಡಲಿಲ್ಲ. ನಾನು ಕೂರುವ ಜಾಗದಿಂದ ನೇಯ್ಗೆಯ ಅಂಚಿನವರೆಗೆ ಗೇಣು ಹಾಕಿ ಅಳೆದಳು. ಪಂಜಾ ಕೇಳಿದಳು. ಅತ್ತೆ ಒಂದು ಗಳಿಗೆ ತಡೆದರು, ಆಮೇಲೆ ಕೊಟ್ಟರು. ನನಗೆ ತಿಳಿದಂತೆ ನಮ್ಮ ಮನೆಯ ಪಂಜಾ ಹಿಡಿದ ಹೊರಗಿನ ಹುಡುಗಿ ಅವಳೊಬ್ಬಳೇ. ನಾಲ್ಕು ಸಲ ಬಡಿದು, “ಯಪ್ಪಾ, ಏನ್ ಭಾರ ಐತ್ರಿ!” ಎಂದು ತನ್ನ ಭುಜವನ್ನೇ ಒತ್ತಿ ಒತ್ತಿ ನೋಡಿಕೊಂಡಳು, ಎಲ್ಲಿ ಬಿಗಿಯುತ್ತದೆ ಎಂದು.

ಆಮೇಲೆ ಹೇಳಿದಳು. ನಾನು ಕೂರುವ ಕಡೆ ಎರಡು ಹಲಗೆ ಹಾಕಿ ಎತ್ತರ ಮಾಡಬೇಕು, ಆಗ ಕೈ ಅಷ್ಟು ಮೇಲೇರಬೇಕಿಲ್ಲ. ಮೊದಲ ವಾರ ಬರಿಗೈ ಎತ್ತಿ ಇಳಿಸುವುದು, ಆಮೇಲೆ ಮರದ ಸೌಟು ಹಿಡಿದು, ಆಮೇಲೆ ಪಂಜಾ, ಅದೂ ಹತ್ತೇ ಪೆಟ್ಟು. ಜಂತಿಗೆ ಹಗ್ಗ ಹಾಕಿ ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಎಳೆಯುವುದು. ಇವನ್ನೆಲ್ಲ ನಾನು ಮಾಡಿದೆ. ಹೆದರುತ್ತ, ಬೈಯುತ್ತ, ಕೆಲವು ದಿನ ತಪ್ಪಿಸುತ್ತ ಐದು ತಿಂಗಳು ಮಾಡಿದೆ. ಆ ನವಿಲುಗಳಿಗೆ ತಲೆ ಬಂತು. ಕೈ ಕಿವಿಗಿಂತ ನಾಲ್ಕು ಬೆರಳು ಮೇಲೇರುತ್ತದೆ, ಅದಕ್ಕಿಂತ ಮೇಲೆ ಇವತ್ತಿಗೂ ಹೋಗುವುದಿಲ್ಲ. ಹಲಗೆ ಈಗಲೂ ಅಲ್ಲೇ ಇದೆ.

ಆದರೆ ನನಗೆ ನೆನಪಿರುವುದು ಆ ಮಧ್ಯಾಹ್ನವೇ. ಎಲ್ಲ ಹೇಳಿ ಮುಗಿಸಿ ಅವಳು ಏಳುವುದರಲ್ಲಿದ್ದಳು. ಅತ್ತೆ, “ಈಕಿ ಕೈ ಬರ್ತೈತೇನವ್ವ?” ಎಂದರು.

“ಬರ್ತೈತ್ರಿ. ಪೂರಾ ಬರ್ತೈತಿ ಅಂತ ಹೇಳೂದಿಲ್ಲ. ನೇಯುವಷ್ಟು ಬರ್ತೈತಿ.”

“ನಂದು?”

ಹುಡುಗಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳು ಅತ್ತೆಯ ಹಿಂದೆ ಕೂತು ಒಂದು ಕೈ ಭುಜದ ಮೇಲಿಟ್ಟು, ಇನ್ನೊಂದರಿಂದ ತೋಳನ್ನು ಮೆಲ್ಲಗೆ ಎತ್ತಿ, ತಿರುಗಿಸಿ, ಮತ್ತೆ ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಅತ್ತೆಯ ಮುಖ ಗೋಡೆಯ ಕಡೆಗಿತ್ತು.

“ದಿನಾ ಮಾಡಿದ್ರ ಸ್ವಲ್ಪ ಸಡಲ ಆಗಬಹುದ್ರಿ. ಜಂಪರ್ ಹಾಕ್ಕೊಳ್ಳಾಕ ಹಗುರ ಆದೀತು. ಪಂಜಾ ಎತ್ತೂ ತನಕ ಬರೂದಿಲ್ಲ. ಭಾಳ ವರ್ಷ ಆಗ್ಯಾವು.”

“ಆವಾಗ ತೋರಿಸಿದ್ರ ಬರ್ತಿತ್ತೇನು?”

ಅವಳು ಸುಳ್ಳು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ವಯಸ್ಸಾದವರು, ಏನೋ ಒಂದು ಹೇಳಿ ಸಮಾಧಾನ ಮಾಡಲಿ.

“ಬರ್ತಿತ್ರಿ,” ಎಂದಳು.

ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ ಅವರು ತಮ್ಮ ಎಡಗಡೆಯ ಜಾಗಕ್ಕೆ ಸರಿದು ಕೂತು, ನನಗೆ ಪಕ್ಕದ ಜಾಗ ತೋರಿಸಿದರು. “ಎತ್ತು,” ಎಂದರು.

ಬರಿಗೈ ಎತ್ತಿದೆ. ಎದೆ ದಾಟಿತು, ಭುಜದ ಮಟ್ಟಕ್ಕೆ ಬಂತು. ಅಲ್ಲಿ ನೋವು ಹಿಡಿಯಿತು, ಆ ಕಟ್ ಎಂಬ ಸದ್ದು ಎಲ್ಲಿ ಮತ್ತೆ ಬರುತ್ತದೋ ಎಂದು ಬೆನ್ನೆಲ್ಲ ಬೆವರಿತು, ಕೈ ಅಲ್ಲಿಯೇ ನಿಂತಿತು. ಅತ್ತೆ ಮೈ ತಿರುಗಿಸಿ ಕೂತು, ತಮ್ಮ ಎಡಗೈಯನ್ನು ನನ್ನ ಮೊಣಕೈ ಕೆಳಗೆ ಕೊಟ್ಟು ಮೇಲಕ್ಕೆ ಒತ್ತಿದರು. ಹುಡುಗಿ ಬೇಡವೆನ್ನಲಿಲ್ಲ.

“ಅಂಜಬ್ಯಾಡ,” ಎಂದರು ಅತ್ತೆ. ಅವರ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು.